ಪದ ಪರಿಚಯ: ಮರುತಪಾಸಣೆ

ಆಸ್ಪತ್ರೆಯ ಚೀಟಿಯಲ್ಲಿ ‘ಮರುತಪಾಸಣೆ’ ಎಂದಿರುತ್ತದೆ. ಮಗುವಿನ ಕಣ್ಣಿನ ಪೊರೆಗೆ ಶಸ್ತ್ರಚಿಕಿತ್ಸೆ ಮಾಡಿಸಿ, ಅದೇ ಚೀಟಿ ಹಿಡಿದು ವಿಜಯಪುರದ ಬಸ್ ನಿಲ್ದಾಣದಲ್ಲಿ ಕೂತ ತಾಯಿಯನ್ನು ಕೇಳಿದರೆ, ‘ಇನ್ನೊಮ್ಮೆ ತೋರಿಸಬೇಕಂತೆ’ ಎನ್ನುತ್ತಾರೆ. ಆ ‘ಅಂತೆ’ಯನ್ನು ಗಮನಿಸಿ: ಬೇಕಾಗಿರುವುದು ಡಾಕ್ಟರಿಗೆ, ಇವರಿಗಲ್ಲ.

ತಪ್ಪು ತಾಯಿಯದಲ್ಲ, ‘ಮರು’ವಿನದು. ಮರುಮುದ್ರಣ, ಮರುಎಣಿಕೆ ಎಂದಾಗ ಮುಗಿದ ಕೆಲಸಕ್ಕೆ ಇನ್ನೊಂದು ಸುತ್ತು ಎಂದೇ ಅರ್ಥ. ಅಜ್ಜನ ಪೊರೆಗೆ ಈ ಅರ್ಥ ಹೆಚ್ಚುಕಡಿಮೆ ಹೊಂದುತ್ತದೆ. ಅಜ್ಜ ಅರವತ್ತು ವರ್ಷ ನೋಡಿ ಕಲಿತವನು. ಹುಟ್ಟುತ್ತಲೇ ಪೊರೆ ಬಂದ ಮಗುವಿನ ಮಿದುಳು ನೋಡುವುದನ್ನು ಇನ್ನೂ ಕಲಿತೇ ಇಲ್ಲ, ಆ ಕಲಿಕೆಯ ಬಹುಪಾಲು ಏಳೆಂಟು ವರ್ಷದೊಳಗೆ ಆಗಬೇಕು. ಒಂದು ಕಣ್ಣು ಹಿಂದುಳಿದರೆ ಚೆನ್ನಾಗಿರುವ ಕಣ್ಣಿಗೆ ದಿನವೂ ಕೆಲವು ಗಂಟೆ ಪಟ್ಟಿ ಅಂಟಿಸಿ, ಮಂದ ಕಣ್ಣನ್ನು ದುಡಿಮೆಗೆ ಹಚ್ಚಬೇಕು. ಕಣ್ಣು ಬೆಳೆದಂತೆ ಕನ್ನಡಕದ ನಂಬರು ಬದಲಾಗುತ್ತದೆ. ಕಣ್ಣಿನೊಳಗೆ ಕೂರಿಸಿದ ಮಸೂರದ ಹಿಂದೆ ಮತ್ತೆ ಪೊರೆ ಕಟ್ಟಬಹುದು. ಕಣ್ಣಿನೊಳಗಿನ ಒತ್ತಡ ಏರುವ ಗ್ಲಾಕೋಮಾ ವರ್ಷಗಳ ನಂತರವೂ ಸದ್ದಿಲ್ಲದೆ ಬರಬಹುದು. ಅಂದರೆ ಶಸ್ತ್ರಚಿಕಿತ್ಸೆ ಚಿಕಿತ್ಸೆಯ ಆರಂಭ. ಮರುತಪಾಸಣೆ ಅದರ ಉದ್ದನೆಯ ಭಾಗ.

ಹಾಗಾದರೆ ಎಷ್ಟೋ ತಾಯಂದಿರು ಮರುತಪಾಸಣೆಗೆ ಬರುವುದಿಲ್ಲವೇಕೆ? 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ರಾಜ್ಯದೊಳಗೆ ತಾಯಿಗೆ ಬಸ್ ಟಿಕೆಟ್ಟಿನ ಚಿಂತೆ ತಪ್ಪಿದೆ. ತಪ್ಪಿದ ಕೂಲಿಯನ್ನು ಕೊಡುವವರು ಯಾರೂ ಇಲ್ಲ. ಆಸ್ಪತ್ರೆ ಮಹಾರಾಷ್ಟ್ರದ ಸೊಲ್ಲಾಪುರದಲ್ಲೋ ಮಿರಜದಲ್ಲೋ ಇದ್ದರೆ ಟಿಕೆಟ್ಟೂ ಬಿಡದು. ಮನೆಯಲ್ಲಿ ಚಿಕ್ಕ ಮಕ್ಕಳು, ಎಮ್ಮೆ, ಅತ್ತೆಯ ಒಪ್ಪಿಗೆ. ದೀಪಾವಳಿಯ ಹೊತ್ತಿಗೆ ಮುಂಗಡ ಪಡೆದು ಕಬ್ಬು ಕಡಿಯಲು ಹೋದ ಕುಟುಂಬವಂತೂ ನಡುವೆ ಬಿಟ್ಟು ಬರುವಂತೆಯೇ ಇಲ್ಲ. ಚೀಟಿಯಲ್ಲಿ ಜನವರಿಯ ತಾರೀಕು. ಜನವರಿಯಲ್ಲಿ ಮಗು ಯಾವುದೋ ಗದ್ದೆಯಂಚಿನ ಗುಡಿಸಲಲ್ಲಿ.

ಇನ್ನೊಂದು ಅಡ್ಡಿ ನಮ್ಮ ಮಾತಿನಲ್ಲೇ ಇದೆ. ಈ ಕಡೆ ಕನ್ನಡಕಕ್ಕೆ ‘ಚಾಳೀಸು’ ಎನ್ನುತ್ತಾರೆ. ನಲವತ್ತು ಎಂಬರ್ಥದ ಮರಾಠಿ ಪದದಿಂದ ಬಂದದ್ದು, ನಲವತ್ತು ದಾಟಿದವರ ವಸ್ತು. ನಾಲ್ಕು ವರ್ಷದ ಹುಡುಗಿಯ ಮೂಗಿನ ಮೇಲೆ ಅದನ್ನು ಕಂಡು ಅಜ್ಜಿ ಕಸಿವಿಸಿಗೊಂಡರೆ ಆಶ್ಚರ್ಯವೇನು? ‘ಹೆಣ್ಣು ಹುಡುಗಿ, ನಾಳೆ ಹೇಗೆ?’ ಎಂಬ ಮಾತಿನೊಂದಿಗೆ ಚಾಳೀಸು ಟ್ರಂಕು ಸೇರುತ್ತದೆ.

ಸೇರದೆ ಉಳಿದ ಒಂದನ್ನು ನೋಡಿದ್ದೇನೆ. ಮುರಿದ ಕಡ್ಡಿಯ ಜಾಗದಲ್ಲಿ ಕೆಂಪು ದಾರ, ದಾರ ಕಿವಿಗೆ ಸುತ್ತು. ಹುಡುಗಿ ಅದನ್ನು ಒಂದು ದಿನವೂ ಬಿಟ್ಟವಳಲ್ಲ. ಗಾಜಿನ ನಂಬರು ಮಾತ್ರ ಎರಡು ವರ್ಷ ಹಳೆಯದು.