ಕೂಪನ್ನಿನ ಸುಸ್ತು ಆಕಸ್ಮಿಕವಲ್ಲ

ದಿನಸಿ ಕೂಪನ್‌ಗಳ ಬೆನ್ನುಹತ್ತಿ ಸೋತು ಕೈಬಿಟ್ಟವರ ಬಗ್ಗೆ ಎರಡು ಮಾತು ಸಾಮಾನ್ಯ. ಅವರಿಗೆ ಶಿಸ್ತಿಲ್ಲ ಅನ್ನುವುದು ಒಂದು. ಸುಮ್ಮನೆ ಸಿಗುವ ಹಣವನ್ನು ಕೈಯಾರೆ ಚೆಲ್ಲುತ್ತಾರೆ ಅನ್ನುವುದು ಇನ್ನೊಂದು. ಎರಡೂ ತಪ್ಪು. ಹುಡುಕಬೇಕು, ಕತ್ತರಿಸಬೇಕು, ಸಣ್ಣಕ್ಷರದ ಷರತ್ತು ಓದಬೇಕು, ಕೊನೆಯ ದಿನಾಂಕ ನೆನಪಿಡಬೇಕು, ಗಲ್ಲಾದ ಮುಂದೆ ಮರೆಯದೆ ತೆಗೆದು ಕೊಡಬೇಕು. ಆ ರಿಯಾಯಿತಿಗೆ ನಾವು ತೆರುವ ಬೆಲೆ ಇದೇ. ಈ ಶ್ರಮವನ್ನು ಪೂರ್ತಿ ತೆಗೆದುಹಾಕಿದರೆ ಕೂಪನ್ ಹಂಚಿದವರಿಗೆ ಅದರಿಂದ ಆಗಬೇಕಾದ ಕೆಲಸವೇ ಆಗುವುದಿಲ್ಲ.

ಯಾಕೆ ಎಂಬುದು ತಯಾರಕರ ಕಡೆಯಿಂದ ನೋಡಿದರೆ ತಿಳಿಯುತ್ತದೆ. ಒಂದೇ ಪೊಟ್ಟಣವನ್ನು ಕೊಳ್ಳುವವರಲ್ಲಿ ಪೂರ್ತಿ ಬೆಲೆ ಕೊಡಲು ತಯಾರಿರುವವರೂ ಇದ್ದಾರೆ, ಸ್ವಲ್ಪ ಇಳಿಸಿದರೆ ಮಾತ್ರ ಕೈಹಾಕುವವರೂ ಇದ್ದಾರೆ. ಎಲ್ಲರಿಗೂ ಇಳಿಸಿದರೆ ಮೊದಲಿನವರಿಂದ ಬರಬೇಕಾದದ್ದು ಹೋಯಿತು. ಯಾರಿಗೂ ಇಳಿಸದಿದ್ದರೆ ಎರಡನೆಯವರು ಪಕ್ಕದ ಬ್ರ್ಯಾಂಡಿಗೆ ಹೋದರು. ‘ನೀವು ಯಾವ ಗುಂಪು?’ ಎಂದು ಕೇಳಿದರೆ ಯಾರೂ ನಿಜ ಹೇಳುವುದಿಲ್ಲ. ಆದ್ದರಿಂದ ಕೊಳ್ಳುವವರು ತಾವಾಗಿಯೇ ಬೇರ್ಪಡುವಂಥ ಒಂದು ಜರಡಿ ಬೇಕು. ಕೂಪನ್ ಆ ಜರಡಿ; ಶ್ರಮ ಅದರ ಕಣ್ಣು. ಕಣ್ಣು ತೀರಾ ದೊಡ್ಡದಾದರೆ, ಅಂದರೆ ಕೂಪನ್ ಬಳಸುವುದು ತೀರಾ ಸುಲಭವಾದರೆ, ಎಲ್ಲರೂ ಆಚೆ ಬೀಳುತ್ತಾರೆ. ಆಗ ಅದು ಬರೀ ಬೆಲೆ ಇಳಿಕೆ. ತೀರಾ ಸಣ್ಣದಾದರೆ ಯಾರೂ ಬೀಳುವುದಿಲ್ಲ, ಅಚ್ಚುಹಾಕಿಸಿದ ಖರ್ಚು ದಂಡ. ಹದವಾದ ಕಣ್ಣಿನಲ್ಲಿ ಮಾತ್ರ ಬೆಲೆಯ ಬಗ್ಗೆ ಹೆಚ್ಚು ಯೋಚಿಸುವವರು ದಾಟುತ್ತಾರೆ, ಉಳಿದವರು ಪೂರ್ತಿ ಬೆಲೆ ಕೊಡುತ್ತಾ ಮೇಲೆಯೇ ಉಳಿಯುತ್ತಾರೆ. ನಿಮಗೆ ಸುಸ್ತಾಗುತ್ತಿದೆ ಎಂದರೆ ಜರಡಿ ತನ್ನ ಕೆಲಸ ಮಾಡುತ್ತಿದೆ ಎಂದರ್ಥ.

ಇದಕ್ಕೆ ಅರ್ಥಶಾಸ್ತ್ರದಲ್ಲಿ ಬೆಲೆ ತಾರತಮ್ಯ ಎನ್ನುತ್ತಾರೆ. ಆರ್ಥರ್ ಪಿಗೂ ಅದನ್ನು 1920ರಲ್ಲೇ ಮೂರು ಬಗೆಯಾಗಿ ವಿಂಗಡಿಸಿದ್ದರು. ಕೂಪನ್ನಿಗೆ ಆ ವಿಚಾರವನ್ನು ಹೊಂದಿಸಿ, ಕೂಪನ್ ಬಳಸುವವರು ಬೆಲೆಯ ಏರಿಳಿತಕ್ಕೆ ಉಳಿದವರಿಗಿಂತ ಹೆಚ್ಚು ಸ್ಪಂದಿಸುತ್ತಾರೆ ಎಂದು 1984ರಲ್ಲಿ ತೋರಿಸಿದವರು ಚಕ್ರವರ್ತಿ ನರಸಿಂಹನ್. ಜರಡಿ ಎಷ್ಟು ಬಿಗಿ ಎಂಬುದಕ್ಕೆ ಅಮೆರಿಕದ ಲೆಕ್ಕವೊಂದು ಸಾಕು. 2010ರಲ್ಲಿ ಅಲ್ಲಿ ಹಂಚಿದ ಕೂಪನ್‌ಗಳು ಸುಮಾರು 33,200 ಕೋಟಿ. ಗಲ್ಲಾಕ್ಕೆ ಬಂದವು ಸುಮಾರು 330 ಕೋಟಿ. ನೂರಕ್ಕೆ ಒಂದು! ತೊಂಬತ್ತೊಂಬತ್ತು ಚೀಟಿ ಕಸಕ್ಕೆ ಹೋಗುವ ಪದ್ಧತಿಯಲ್ಲಿ ಚೀಟಿ ಕಸಕ್ಕೆ ಹಾಕಿದ್ದಕ್ಕೆ ತಪ್ಪಿತಸ್ಥ ಭಾವ ಇಟ್ಟುಕೊಳ್ಳಲು ಯಾವ ಕಾರಣವೂ ಇಲ್ಲ.

ಈ ಜರಡಿಯ ಅನ್ಯಾಯವೊಂದನ್ನು ಹೇಳಲೇಬೇಕು. ಅದು ಬಡವರನ್ನು ಆರಿಸಿ ರಿಯಾಯಿತಿ ಕೊಡುವುದಿಲ್ಲ, ಬಿಡುವಿರುವವರನ್ನು ಆರಿಸುತ್ತದೆ. ಎರಡು ಕಡೆ ದುಡಿದು, ಮನೆಯಲ್ಲಿ ಮಕ್ಕಳನ್ನೋ ಕಾಯಿಲೆಯವರನ್ನೋ ನೋಡಿಕೊಳ್ಳುವವರಿಗೆ ರಿಯಾಯಿತಿಯ ಅಗತ್ಯ ಎಲ್ಲರಿಗಿಂತ ಹೆಚ್ಚು, ಬಿಡುವು ಎಲ್ಲರಿಗಿಂತ ಕಡಿಮೆ. ಅಂಥವರಿಗೆ ‘ಇನ್ನಷ್ಟು ಶ್ರದ್ಧೆಯಿಂದ ಕೂಪನ್ ಕೂಡಿಡಿ’ ಎಂದು ಬುದ್ಧಿ ಹೇಳುವುದು ಕ್ರೂರ.

ಹಾಗಾದರೆ ಕೂಪನ್ ತೆಗೆದು ಬೆಲೆಯನ್ನೇ ಇಳಿಸಬಾರದೆ? ಆ ಪ್ರಯೋಗವೂ ಆಗಿದೆ. ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿ 1996ರ ಜನವರಿಯಲ್ಲಿ ನ್ಯೂಯಾರ್ಕ್ ರಾಜ್ಯದ ಬಫಲೋ, ರಾಚೆಸ್ಟರ್, ಸಿರಾಕ್ಯೂಸ್ ಸುತ್ತಮುತ್ತ ಕೂಪನ್ ನಿಲ್ಲಿಸಿ, ಬದಲಿಗೆ ಅಂಗಡಿಯ ಬೆಲೆಯನ್ನೇ ತಗ್ಗಿಸುತ್ತೇವೆ ಎಂದಿತು. ಜನ ಸಿಟ್ಟಿಗೆದ್ದರು. ಸಹಿ ಸಂಗ್ರಹ, ಪ್ರತಿಭಟನೆ, ಬಹಿಷ್ಕಾರದ ಕರೆ ಎಲ್ಲವೂ ನಡೆದವು. 1997ರ ಏಪ್ರಿಲ್‌ನಲ್ಲಿ ಪ್ರಯೋಗ ನಿಂತಿತು. ಕಂಪನಿಗಳು ಒಳಗೊಳಗೆ ಮಾತಾಡಿಕೊಂಡು ಕೂಪನ್ ನಿಲ್ಲಿಸಿದವೇ ಎಂಬ ರಾಜ್ಯದ ತನಿಖೆಯೂ ಅದೇ ವರ್ಷ, ತಪ್ಪು ಒಪ್ಪಿಕೊಳ್ಳದ ರಾಜಿಯಲ್ಲಿ ಮುಗಿಯಿತು. ಜನರಿಗೆ 42 ಲಕ್ಷ ಡಾಲರ್ ಮೌಲ್ಯದ ಪರಿಹಾರ ಕೂಪನ್ ರೂಪದಲ್ಲೇ ಸಿಕ್ಕಿತು. ಎಲ್ಲರಿಗೂ ಇಳಿದ ಬೆಲೆ ಕಣ್ಣಿಗೆ ಬೀಳುವುದಿಲ್ಲ, ಕೈಯಲ್ಲಿದ್ದ ಚೀಟಿ ಹೋದದ್ದು ಥಟ್ಟನೆ ಕಾಣುತ್ತದೆ. ಡೇನಿಯಲ್ ಕಾನೆಮನ್ ಮತ್ತು ಏಮೋಸ್ ಟ್ವೆರ್ಸ್ಕಿ 1979ರಲ್ಲಿ ವಿವರಿಸಿದ ನಷ್ಟಭೀತಿ ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ: ಅಷ್ಟೇ ಮೊತ್ತದ ಲಾಭ ಕೊಡುವ ಸಂತೋಷಕ್ಕಿಂತ ನಷ್ಟ ಕೊಡುವ ನೋವು ದೊಡ್ಡದು. ಅವಧಿ ಮೀರಿದ ಕೂಪನ್ ಡ್ರಾಯರಿನಲ್ಲಿ ಸಿಕ್ಕಾಗ ಆಗುವ ಕಸಿವಿಸಿಯ ಮೂಲವೂ ಇದೇ. ಕಿಸೆಯಿಂದ ಒಂದು ಕಾಸೂ ಹೋಗಿಲ್ಲ. ಆದರೂ ಮನಸ್ಸು ಅದನ್ನು ಕಳೆದುಕೊಂಡ ಲೆಕ್ಕಕ್ಕೆ ಬರೆದುಕೊಳ್ಳುತ್ತದೆ.

ಈಗ ಸುಸ್ತಿನ ವಿಷಯಕ್ಕೆ ಬರೋಣ. ‘ಇಚ್ಛಾಶಕ್ತಿ ಒಂದು ತೊಟ್ಟಿ, ಪ್ರತಿ ನಿರ್ಧಾರಕ್ಕೂ ಅದರಿಂದ ಒಂದಿಷ್ಟು ಖಾಲಿಯಾಗುತ್ತದೆ’ ಎಂಬ ವಿವರಣೆ ಬಹಳ ಜನಪ್ರಿಯ. 1998ರ ಪ್ರಯೋಗಗಳಿಂದ ಹಬ್ಬಿದ ಈ ವಿಚಾರವನ್ನು 2016ರಲ್ಲಿ 23 ಪ್ರಯೋಗಾಲಯಗಳು, ಎರಡು ಸಾವಿರಕ್ಕೂ ಹೆಚ್ಚು ಜನರ ಮೇಲೆ ಒಂದೇ ವಿಧಾನದಲ್ಲಿ ಮತ್ತೆ ಪರೀಕ್ಷಿಸಿದಾಗ ಪರಿಣಾಮ ಹೆಚ್ಚುಕಡಿಮೆ ಸೊನ್ನೆ ಬಂತು. ಇಷ್ಟಾದರೂ ತೊಟ್ಟಿಯ ಮಾತು ಸಲಹೆಗಳಲ್ಲಿ ಹಾಗೇ ಉಳಿದಿರುವುದು ಬೇಸರದ ಸಂಗತಿ. ಕೂಪನ್ನಿನ ಸುಸ್ತಿಗೆ ಅದಕ್ಕಿಂತ ಗಟ್ಟಿಯಾದ ಕಾರಣ ನಮ್ಮ ನೆನಪಿನ ರಚನೆಯಲ್ಲಿದೆ.

ನಡೆದುಹೋದದ್ದನ್ನು ನೆನೆಯುವುದು ಬೇರೆ, ಮುಂದೆ ಮಾಡಬೇಕಾದದ್ದನ್ನು ಸರಿಯಾದ ಗಳಿಗೆಯಲ್ಲಿ ನೆನೆಯುವುದು ಬೇರೆ. ಎರಡನೆಯದಕ್ಕೆ ಪ್ರಾಸ್ಪೆಕ್ಟಿವ್ ಮೆಮೊರಿ ಎಂದು ಹೆಸರು. ಅದರಲ್ಲಿ ಎರಡು ಬಗೆಯುಂಟೆಂದು ಗುರುತಿಸಿದವರು ಗಿಲ್ಸ್ ಐನ್‌ಸ್ಟೈನ್ ಮತ್ತು ಮಾರ್ಕ್ ಮ್ಯಾಕ್‌ಡೇನಿಯಲ್, 1990ರಲ್ಲಿ. ‘ಇಂಥದ್ದು ಕಂಡಾಗ ಇದನ್ನು ಮಾಡು’ ಎಂಬುದು ಘಟನೆಗೆ ಕಟ್ಟಿದ ನೆನಪು. ‘ಇಂಥ ಸಮಯಕ್ಕೆ ಮಾಡು’ ಎಂಬುದು ಕಾಲಕ್ಕೆ ಕಟ್ಟಿದ್ದು. ಮೊದಲನೆಯದಕ್ಕೆ ಹೊರಗಿನಿಂದ ಸೂಚನೆ ಸಿಗುತ್ತದೆ. ಎರಡನೆಯದನ್ನು ಮನಸ್ಸು ತಾನೇ ಆಗಾಗ ಎದ್ದು ನೋಡಿಕೊಳ್ಳುತ್ತಿರಬೇಕು, ಅದಕ್ಕೇ ಅದು ಕಷ್ಟ. ಒಂದು ಕೂಪನ್ ಎರಡನ್ನೂ ಒಟ್ಟಿಗೆ ಬೇಡುತ್ತದೆ. ಅವಧಿಯೊಳಗೆ ಅಂಗಡಿಗೆ ಹೋಗಬೇಕು, ಇದು ಕಾಲದ್ದು. ಕಪಾಟಿನ ಮುಂದೆ ಸರಿಯಾದ ಅಳತೆಯ ಪೊಟ್ಟಣವನ್ನೇ ಎತ್ತಬೇಕು, ಗಲ್ಲಾದಲ್ಲಿ ಹಣ ಕೊಡುವ ಮುಂಚೆ ಚೀಟಿ ಕೊಡಬೇಕು, ಇವು ಘಟನೆಯವು. ಒಂದು ಚೀಟಿಗೆ ಮೂರು ನೆನಪು. ಹತ್ತು ಚೀಟಿಗೆ ಮೂವತ್ತು. ಗಮನ ಕೊಟ್ಟು ಒಮ್ಮೆಗೆ ಮನಸ್ಸಿನಲ್ಲಿ ಹಿಡಿದಿಡಬಲ್ಲ ವಿಷಯಗಳು ಸುಮಾರು ನಾಲ್ಕು ಎಂದು ನೆಲ್ಸನ್ ಕೋವನ್ 2001ರಲ್ಲಿ ಲೆಕ್ಕ ಕೊಟ್ಟಿದ್ದಾರೆ. ಮೂವತ್ತಕ್ಕೂ ನಾಲ್ಕಕ್ಕೂ ನಡುವಿನ ಅಂತರವನ್ನು ಹಟದಿಂದ ತುಂಬಲಾಗದು.

ಅವಧಿ ಉದ್ದವಾದಷ್ಟು ಅನುಕೂಲ ಎಂಬ ನಂಬಿಕೆಯೂ ನಿಲ್ಲುವುದಿಲ್ಲ. ಸುಝಾನ್ ಶು ಮತ್ತು ಆಯೆಲೆಟ್ ನೀಝಿ 2010ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ತಿನಿಸಿನ ಉಡುಗೊರೆ ಚೀಟಿಯನ್ನು ಕೆಲವರಿಗೆ ಮೂರು ವಾರದ ಅವಧಿಗೆ, ಕೆಲವರಿಗೆ ಎರಡು ತಿಂಗಳ ಅವಧಿಗೆ ಕೊಟ್ಟರು. ಖಂಡಿತ ಬಳಸುತ್ತೇವೆ ಎಂಬ ವಿಶ್ವಾಸ ಎರಡು ತಿಂಗಳು ಸಿಕ್ಕವರಲ್ಲೇ ಹೆಚ್ಚಿತ್ತು. ನಿಜವಾಗಿ ಬಳಸಿದವರು ಮೂರು ವಾರದ ಗುಂಪಿನಲ್ಲಿ ನೂರಕ್ಕೆ 31, ಎರಡು ತಿಂಗಳ ಗುಂಪಿನಲ್ಲಿ ನೂರಕ್ಕೆ 6. ಇನ್ನೂ ಸಮಯವಿದೆ ಅನ್ನಿಸಿದರೆ ಕೆಲಸ ಮುಂದಕ್ಕೆ ಜಾರುತ್ತದೆ. ಆದ್ದರಿಂದ ಕೂಪನ್ನಿನ ಮೇಲೆ ಅಚ್ಚಾದ ಕೊನೆಯ ದಿನಾಂಕವನ್ನು ನಂಬಬೇಡಿ. ನೀವು ಅಂಗಡಿಗೆ ಹೋಗುವ ದಿನವನ್ನು ಅದರ ಮೇಲೆ ದಪ್ಪಕ್ಷರದಲ್ಲಿ ಬರೆಯಿರಿ. ಆ ದಿನ ಬಳಸದಿದ್ದರೆ ಹರಿದು ಹಾಕಿ.

ಶ್ರಮ ತಗ್ಗಿಸಲು ಮೊದಲು ಬದಲಾಯಿಸಬೇಕಾದದ್ದು ಕ್ರಮ. ಕೂಪನ್ ನೋಡಿ ಪಟ್ಟಿ ಮಾಡಿದರೆ ಕೂಪನ್ ಗೆದ್ದಿತು. ಪಟ್ಟಿ ಮೊದಲು ಮಾಡಿ, ಆಮೇಲೆ ಆ ಪಟ್ಟಿಯಲ್ಲಿರುವ ಸರಕಿಗಷ್ಟೇ ಕೂಪನ್ ಹುಡುಕಿ, ಅದೂ ವಾರಕ್ಕೊಮ್ಮೆ, ಹತ್ತು ನಿಮಿಷ ಗಡಿಯಾರ ಇಟ್ಟುಕೊಂಡು. ಹತ್ತು ನಿಮಿಷದಲ್ಲಿ ಸಿಗದ್ದು ಬೇಡ. ಒಂದು ಸುತ್ತಿಗೆ ನಾಲ್ಕಕ್ಕಿಂತ ಹೆಚ್ಚು ಚೀಟಿ ಬೇಡವೇ ಬೇಡ. ಮೊತ್ತ ದೊಡ್ಡದಿರುವ ನಾಲ್ಕನ್ನು ಇಟ್ಟುಕೊಳ್ಳಿ. ಪಟ್ಟಿಯಲ್ಲಿ ಆ ಸರಕಿನ ಪಕ್ಕ ಒಂದು ಗುರುತು ಹಾಕಿ, ಬೇಕಾದ ತೂಕವನ್ನೂ ಎಣಿಕೆಯನ್ನೂ ಅಲ್ಲೇ ಬರೆಯಿರಿ, ಆಗ ಕಪಾಟಿನ ಮುಂದೆ ನಿಂತು ಸಣ್ಣಕ್ಷರ ಓದುವ ಕೆಲಸವಿಲ್ಲ. ಚೀಟಿಗಳನ್ನು ಪ್ರತ್ಯೇಕ ಕವರಿನಲ್ಲಿಡಬೇಡಿ; ಹಣ ಕೊಡಲು ಬಳಸುವ ಕಾರ್ಡಿಗೇ ರಬ್ಬರ್ ಬ್ಯಾಂಡಿನಿಂದ ಸುತ್ತಿಡಿ. ಕಾರ್ಡ್ ತೆಗೆಯಬೇಕಾದರೆ ಚೀಟಿ ಕೈಗೆ ಬರಲೇಬೇಕು; ಘಟನೆಗೆ ಕಟ್ಟಿದ ನೆನಪಿಗೆ ಬೇಕಾದ ಸೂಚನೆ ಸರಿಯಾದ ಗಳಿಗೆಯಲ್ಲಿ ತಾನಾಗಿಯೇ ಸಿಗುತ್ತದೆ.

ಇಟ್ಟುಕೊಂಡ ಚೀಟಿ ನಿಜಕ್ಕೂ ಉಳಿಸುತ್ತದೆಯೇ ಎಂದು ನೋಡಲು ಪೊಟ್ಟಣದ ಬೆಲೆ ಸಾಲದು, 100 ಗ್ರಾಂ ಅಥವಾ 100 ಮಿಲಿಲೀಟರಿನ ಬೆಲೆ ಬೇಕು. ಒಂದು ಬ್ರ್ಯಾಂಡ್ ಪಕ್ಕದ್ದಕ್ಕಿಂತ ಶೇ. 30 ದುಬಾರಿ ಎಂದಿಟ್ಟುಕೊಳ್ಳಿ: 100ಕ್ಕೆ ಎದುರು 130. ಶೇ. 20 ಕೂಪನ್ ಕಳೆದರೆ 104. ಕೂಪನ್ ಇಲ್ಲದ 100 ಇನ್ನೂ ಅಗ್ಗ. ‘ಮೂರು ಕೊಂಡರೆ ಶೇ. 30 ಕಡಿತ’ ಎಂಬುದು ಇನ್ನೂ ಮೋಸಗೊಳಿಸುವಂಥದ್ದು. ಮೂರಕ್ಕೆ ಕೊಟ್ಟದ್ದು 2.1 ಪೊಟ್ಟಣದ ಬೆಲೆ. ಮೂರನೆಯದು ಕೆಟ್ಟುಹೋದರೆ ಎರಡನ್ನು ಶೇ. 5 ಹೆಚ್ಚು ಕೊಟ್ಟು ಕೊಂಡಂತಾಯಿತು. ಸಮಯದ ಲೆಕ್ಕವೂ ಹೀಗೆಯೇ. ಹತ್ತು ಕೂಪನ್ ಹುಡುಕಿ ಓದಲು ತಲಾ ಎರಡು ನಿಮಿಷ ಹಿಡಿದು, ಬಳಕೆಯಾದದ್ದು ಮೂರೇ ಆದರೆ, ಆ ಇಪ್ಪತ್ತು ನಿಮಿಷವನ್ನು ಮೂರಕ್ಕೇ ಹಂಚಬೇಕು. ಒಂದೊಂದಕ್ಕೆ ಸುಮಾರು ಏಳು ನಿಮಿಷ. ನಿಮ್ಮ ಏಳು ನಿಮಿಷ ಆ ರಿಯಾಯಿತಿಗಿಂತ ಬೆಲೆಬಾಳುತ್ತದೆ ಅನ್ನಿಸಿದರೆ ಕೂಪನ್ ಬಿಡುವುದೇ ಸರಿಯಾದ ಗಣಿತ.

ಮೊಬೈಲ್ ಕೂಪನ್ ಬಂದ ಮೇಲೆ ಕತ್ತರಿ ಹೋಯಿತು, ಶ್ರಮ ಹೋಗಲಿಲ್ಲ. ಆ್ಯಪಿನಲ್ಲಿ ಆಫರ್ ಕಂಡರೆ ಸಾಲದು, ಅದನ್ನು ಒತ್ತಿ ಖಾತೆಗೆ ಸೇರಿಸಬೇಕು. ಸೇರಿಸಿದರೂ ಗಲ್ಲಾದಲ್ಲಿ ಅದೇ ಖಾತೆಯ ನಂಬರ್ ಕೊಡಬೇಕು. ರಿಯಾಯಿತಿ ಬೀಳದಿರಲು ಸಾಮಾನ್ಯ ಕಾರಣಗಳು ಕೆಲವೇ: ತೂಕ ಅಥವಾ ಬಗೆ ಬೇರೆ, ಕನಿಷ್ಠ ಖರೀದಿಯ ಮೊತ್ತವನ್ನು ಬೇರೆ ರಿಯಾಯಿತಿಗಳನ್ನು ಕಳೆದ ಮೇಲೆ ಲೆಕ್ಕ ಹಾಕಿರುವುದು, ಒಂದೇ ಸರಕಿಗೆ ಎರಡು ಆಫರ್ ಕೂಡಿಬರದಿರುವುದು, ಸೇರಿಸಿದ ದಿನಕ್ಕೂ ಕೊಂಡ ದಿನಕ್ಕೂ ನಡುವೆ ಅವಧಿ ಮುಗಿದಿರುವುದು. ಅಂಗಡಿಯೊಳಗೆ ನೆಟ್‌ವರ್ಕ್ ಕೈಕೊಡುವುದುಂಟು, ಆದ್ದರಿಂದ ಕೋಡಿನ ಚಿತ್ರವನ್ನು ಮೊದಲೇ ಉಳಿಸಿಟ್ಟುಕೊಳ್ಳಿ; ಆದರೆ ಕೆಲವು ಕೋಡ್‌ಗಳು ಪ್ರತಿ ನಿಮಿಷ ಬದಲಾಗುತ್ತವೆ, ಅವಕ್ಕೆ ಈ ಉಪಾಯ ನಡೆಯದು. ಬಿಲ್ಲಿನಲ್ಲಿ ಕಡಿತದ ಸಾಲು ಕೆಲವೆಡೆ ಸರಕಿನ ಕೆಳಗೇ ಇರುತ್ತದೆ, ಕೆಲವೆಡೆ ಎಲ್ಲ ಮುಗಿದ ಮೇಲೆ ಒಟ್ಟಿಗೆ ಬರುತ್ತದೆ. ಹಣ ಕೊಡುವ ಮುಂಚೆ ನಿಮ್ಮ ನಾಲ್ಕು ಗುರುತಿನ ಸರಕುಗಳ ಸಾಲನ್ನು ಮಾತ್ರ ಪರದೆಯ ಮೇಲೆ ನೋಡಿಕೊಳ್ಳಿ. ಯಾವುದಾದರೂ ಬಿದ್ದಿಲ್ಲದಿದ್ದರೆ ಆಗಲೇ ಆ ಪೊಟ್ಟಣ ತೆಗೆಸಬಹುದು. ಹಣ ಕೊಟ್ಟ ಮೇಲೆ ಅದನ್ನು ಸರಿಪಡಿಸಿಕೊಳ್ಳಲು ಮತ್ತೊಂದು ಸಾಲಿನಲ್ಲಿ ನಿಲ್ಲಬೇಕಾಗುತ್ತದೆ.