ಸೊಪ್ಪಿನ ಬೆಟ್ಟ: ಅಡಿಕೆ ತೋಟದ ಬುಡದಿಂದ ಮಲೆನಾಡಿನ ಇತಿಹಾಸ

ಉತ್ತರ ಕನ್ನಡದ ಘಟ್ಟದ ಮೇಲಿನ ಊರುಗಳ ಇತಿಹಾಸ ಓದಲು ಕೂತರೆ ಮೊದಲು ಸಿಗುವವರು ಸೋದೆ ಅರಸರು, ಗೇರುಸೊಪ್ಪೆಯ ಚೆನ್ನಭೈರಾದೇವಿ, ಪೋರ್ಚುಗೀಸರ ಕಾಳುಮೆಣಸಿನ ವ್ಯಾಪಾರ. ಅದೆಲ್ಲ ಬೇಕು. ಆದರೆ ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯ ಹಳ್ಳಿಯ ದಿನನಿತ್ಯದ ಬದುಕು ಅರ್ಥವಾಗಬೇಕಾದರೆ ಬೇರೆ ಒಂದು ಪ್ರಶ್ನೆಯಿಂದ ಶುರು ಮಾಡಿ: ಅಡಿಕೆ ಮರದ ಬುಡಕ್ಕೆ ಹಾಕುವ ಸೊಪ್ಪು ಎಲ್ಲಿಂದ ಬರುತ್ತಿತ್ತು? ಕಾನೂನು, ದುಡಿಮೆ, ಜಗಳ, ಚಳವಳಿ ಎಲ್ಲಕ್ಕೂ ದಾರಿ ಇಲ್ಲಿಂದಲೇ ಸಿಗುತ್ತದೆ.

ಮೊದಲು ಜಾಗದ ನಕ್ಷೆ ಮನಸ್ಸಿಗೆ ತಂದುಕೊಳ್ಳಿ. ಕಣಿವೆಯ ತಳದಲ್ಲಿ, ನೀರಿನ ಒರತೆ ಇರುವಲ್ಲಿ ಅಡಿಕೆ ತೋಟ. ಅಡಿಕೆ ಮರಕ್ಕೇ ಹಬ್ಬಿದ ಕಾಳುಮೆಣಸಿನ ಬಳ್ಳಿ, ನಡುವೆ ಬಾಳೆ, ಏಲಕ್ಕಿ. ತೋಟದ ಮೇಲಂಚಿಗೆ ಮನೆ, ಪಕ್ಕದಲ್ಲಿ ಕೊಟ್ಟಿಗೆ, ಅದರ ಹಿಂದೆ ಗೊಬ್ಬರಗುಂಡಿ. ಅಲ್ಲಿಂದ ಮೇಲಕ್ಕೆ ಏರುವ ಇಳಿಜಾರೇ ಸೊಪ್ಪಿನ ಬೆಟ್ಟ, ಅಂದರೆ ತೋಟಕ್ಕೆ ಸೊಪ್ಪು ಕಡಿದು ತರುವ ಮರಗಳಿರುವ ಜಾಗ. ಬೆಟ್ಟದಲ್ಲೇ ಹುಲ್ಲು ಬೆಳೆಯುವ ಬಯಲು ಭಾಗ ಬೇಣ. ಅದರಾಚೆ ದಟ್ಟ ಕಾಡು.

ಇಷ್ಟು ಸೊಪ್ಪು ಯಾಕೆ ಬೇಕು? ಇಲ್ಲಿ ವರ್ಷಕ್ಕೆ 2,500 ಮಿ.ಮೀ. ಆಸುಪಾಸು ಮಳೆ, ಕೆಲವು ಕಡೆ ಇನ್ನೂ ಜಾಸ್ತಿ. ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್‌ ಒಳಗೇ ಸುರಿಯುತ್ತದೆ. ಮಣ್ಣಿನ ಸಾರ ತೊಳೆದುಹೋಗುತ್ತದೆ. ಅಡಿಕೆಗೆ ತಾಯಿಬೇರಿಲ್ಲ. ಬೇರುಗಳೆಲ್ಲ ಮೇಲ್ಪದರದಲ್ಲೇ ಹರಡಿರುತ್ತವೆ, ಮಣ್ಣು ಕೊಚ್ಚಿಹೋದರೆ ತೆರೆದುಕೊಳ್ಳುತ್ತವೆ. ಹಸಿ ಸೊಪ್ಪಿನ ಹೊದಿಕೆ ಮಳೆಯ ಹೊಡೆತ ತಡೆಯುತ್ತದೆ, ಆಮೇಲೆ ಕೊಳೆತು ಗೊಬ್ಬರವಾಗುತ್ತದೆ.

ಸೊಪ್ಪಿಗೆ ಎರಡು ದಾರಿ ಇದ್ದವು. ಹಸಿ ಸೊಪ್ಪನ್ನು ನೇರವಾಗಿ ತೋಟಕ್ಕೆ ಹೊದಿಸುವುದು ಒಂದು. ಕೊಟ್ಟಿಗೆಯಲ್ಲಿ ದನಗಳ ಕಾಲಡಿಗೆ ಹಾಸುವುದು ಇನ್ನೊಂದು. ಹಾಸಿದ್ದು ಸಗಣಿ, ಗಂಜಲ ಹೀರಿಕೊಂಡು ಗುಂಡಿ ಸೇರಿ, ಕಳಿತ ಮೇಲೆ ತೋಟಕ್ಕೆ ಹೋಗುತ್ತದೆ. ಬೇಸಿಗೆಯಲ್ಲಿ ಉದುರಿದ ಒಣ ಎಲೆಗೆ ದರಕು ಅಂತಾರೆ. ಮಳೆ ಬೀಳುವ ಮೊದಲೇ ಅದನ್ನು ಗುಡಿಸಿ, ಒಟ್ಟಿ ಇಡಬೇಕಿತ್ತು. ಅಂದರೆ ದನ ಸಾಕಿದ್ದು ಹಾಲಿಗೆ ಮಾತ್ರ ಅಂದುಕೊಳ್ಳಬೇಡಿ. ಇಲ್ಲಿ ಗೊಬ್ಬರವೇ ಮುಖ್ಯ ಉತ್ಪನ್ನ.

ಒಂದು ಲೆಕ್ಕ ಹಾಕಿ ನೋಡೋಣ. ಮರವೊಂದಕ್ಕೆ ವರ್ಷಕ್ಕೆ 12 ಕೆ.ಜಿ. ಹಸಿರೆಲೆ, ಜೊತೆಗೆ 12 ಕೆ.ಜಿ. ಕೊಟ್ಟಿಗೆ ಗೊಬ್ಬರ ಅಥವಾ ಕಾಂಪೋಸ್ಟ್ ಹಾಕಬೇಕು ಅನ್ನುವುದು ಇಂದಿನ ಕೃಷಿ ಶಿಫಾರಸು. 2.7 ಮೀಟರ್ ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 550 ಮರ. ಹಸಿರೆಲೆಯೇ 6,600 ಕೆ.ಜಿ. ಆಯಿತು! ಒಂದು ತಲೆಹೊರೆ 25 ಕೆ.ಜಿ. ಅಂತ ಹಿಡಿದರೂ 264 ಹೊರೆ. ಅದೂ ಒಂದೇ ಎಕರೆಗೆ. ಜಾರುವ ದಾರಿಯಲ್ಲಿ, ಕಂಬಳಿಕೊಪ್ಪೆ ಹೊದ್ದು, ಮರ ಹತ್ತಿ ಕತ್ತಿಯಲ್ಲಿ ಟೊಂಗೆ ಸವರಿ, ಕಟ್ಟಿ, ಹೊತ್ತು ತರಬೇಕು. ಮನೆಯವರ ಜೊತೆ ಕೂಲಿಯವರು ದುಡಿದರು, ಅದರಲ್ಲೂ ಹೆಂಗಸರು. ಕರಾರುಪತ್ರಗಳಲ್ಲಿ ಅವರ ಹೆಸರು ಹುಡುಕಬೇಡಿ, ಸಿಗುವುದು ಕಷ್ಟ. ನಮ್ಮ ಟಿಪ್ಪಣಿಯಲ್ಲಾದರೂ ಈ ದುಡಿಮೆಗೆ ಜಾಗ ಇರಲಿ.

ಈಗ ಕಾನೂನಿನ ಭಾಗ. ಪರೀಕ್ಷೆಗೆ ಓದುವವರು ಗೊಂದಲ ಮಾಡಿಕೊಳ್ಳುವುದು ಇಲ್ಲೇ. ಉತ್ತರ ಕೆನರಾ 1862ರಲ್ಲಿ ಮದ್ರಾಸ್ ಪ್ರಾಂತ್ಯದಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. 1878ರ ಅರಣ್ಯ ಕಾಯ್ದೆ ಬಂದ ಮೇಲೆ ಕಾಡಿನ ಮೇಲೆ ಸರ್ಕಾರದ ಹಿಡಿತ ಬಿಗಿಯಾಯಿತು. ಆದರೆ ಅಡಿಕೆ ತೋಟ ಕಂದಾಯ ತರುವ ಬೆಳೆ, ಸೊಪ್ಪಿಲ್ಲದೆ ಅದು ಉಳಿಯುವುದಿಲ್ಲ. ಹಾಗಾಗಿ ಎಕರೆ ತೋಟಕ್ಕೆ ಹೆಚ್ಚೆಂದರೆ 9 ಎಕರೆವರೆಗೆ ಬೆಟ್ಟ ಕೊಡುವ ಏರ್ಪಾಡು ನಡೆಯಿತು. ನೆಲ ಸರ್ಕಾರದ್ದೇ. ರೈತನಿಗೆ ಸಿಕ್ಕಿದ್ದು ಸೊಪ್ಪು, ಹುಲ್ಲು, ಒಣ ಸೌದೆ ತರುವ ಸವಲತ್ತು. ಶ್ರೀಗಂಧ, ತೇಗ, ಬೀಟೆಯಂಥ ಮರಗಳನ್ನು ಮುಟ್ಟುವಂತಿರಲಿಲ್ಲ.

ಈ ಸವಲತ್ತು ತೋಟಕ್ಕೆ ಅಂಟಿಕೊಂಡಿತ್ತು. ತೋಟ ಇಲ್ಲದವನಿಗೆ ಬೆಟ್ಟವೂ ಇಲ್ಲ. ಸೊಪ್ಪು ಹೊತ್ತವರಲ್ಲಿ ಎಷ್ಟೋ ಮಂದಿಗೆ ಆ ಬೆಟ್ಟದ ಮೇಲೆ ಯಾವ ಹಕ್ಕೂ ಇರಲಿಲ್ಲ. ಹಳ್ಳಿಯೆಲ್ಲ ಒಟ್ಟಾಗಿ ಕಾಡು ಕಾಯ್ದುಕೊಂಡಿತ್ತು ಅಂತ ಸುಮ್ನೆ ಬರೆದುಬಿಟ್ಟರೆ ಈ ಅಂತರ ಮುಚ್ಚಿಹೋಗುತ್ತದೆ. ನನಗೆ ಅದು ಸರಿ ಕಾಣುವುದಿಲ್ಲ.

ಬ್ರಿಟಿಷರ ಕಾಲದಲ್ಲಿ ಅರಣ್ಯ ಇಲಾಖೆಗೆ ಬೇಕಿದ್ದದ್ದು ತೇಗ. ಸ್ವಾತಂತ್ರ್ಯದ ನಂತರವೂ ಸಹಜ ಕಾಡು ಕಡಿದು ತೇಗ, ನೀಲಗಿರಿ ನೆಡುವುದು ನಡೆಯಿತು. ತೇಗದ ತೋಪಿನಿಂದ ತೋಟಕ್ಕೆ ಬೇಕಾದ ನಾನಾ ಜಾತಿಯ ಸೊಪ್ಪು ಸಿಗುವುದಿಲ್ಲ, ಮೇವೂ ಸಿಗುವುದಿಲ್ಲ. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲ್ಲೂಕಿನ ಸಾಲ್ಕಣಿ ಕಡೆಯ ಜನ ಕಳಸೆ ಕಾಡಿಗೆ ನಡೆದು ಹೋಗಿ, ಕಡಿಯಲು ಗುರುತು ಹಾಕಿದ್ದ ಮರಗಳನ್ನು ಅಪ್ಪಿ ನಿಂತರು. ಅದೇ ಅಪ್ಪಿಕೋ ಚಳವಳಿ. ಪಾಂಡುರಂಗ ಹೆಗಡೆ ಅದರ ಮುಂದಾಳು. ಹಿಮಾಲಯದಲ್ಲಿ ಹೀಗೇ ಮರ ಅಪ್ಪಿ ಉಳಿಸಿದ ಚಿಪ್ಕೋ ಚಳವಳಿಯ ಪ್ರೇರಣೆ ನಿಜ. ಆದರೆ ಆ ಜನಕ್ಕೆ ಕಾಡು ಅಂದರೆ ನೀರು, ಮೇವು, ತೋಟದ ಬುಡದ ಸೊಪ್ಪು. ಉತ್ತರ ಬರೆಯುವಾಗ ಇಷ್ಟನ್ನು ಸೇರಿಸಿ, ಬರೀ 'ಪರಿಸರ ಪ್ರೇಮ' ಅಂತ ಮುಗಿಸಬೇಡಿ.

ಇನ್ನು ಕ್ಷೇತ್ರಕಾರ್ಯಕ್ಕೆ ಹೋಗುವವರಿಗೆ. ಬೆಟ್ಟವನ್ನು ಮರದ ಆಕಾರದಿಂದಲೇ ಗುರುತು ಹಿಡಿಯಬಹುದು. ಮತ್ತಿ, ಹೊನ್ನೆ, ಕವಲು ಮರಗಳ ಪಕ್ಕದ ಟೊಂಗೆಗಳನ್ನು ವರ್ಷ ವರ್ಷ ಸವರಿರುತ್ತಾರೆ. ಕಾಂಡದ ತುಂಬ ಗಂಟು, ಗಂಟಿನಿಂದ ಗೊಂಚಲಾಗಿ ಹೊಸ ಚಿಗುರು, ನೆತ್ತಿಯಲ್ಲಿ ಮಾತ್ರ ಕೊಂಬೆ. ಹತ್ತಿರ ಹೋಗಿ ಗಂಟುಗಳನ್ನು ನೋಡಿ. ಮಾಗಿದ ಹಳೇ ಗಾಯದ ಮೇಲೆ ಹೊಸ ಕಡಿತ ಇಲ್ಲದಿದ್ದರೆ ಅಲ್ಲಿ ಸೊಪ್ಪು ಕಡಿಯುವುದು ನಿಂತಿದೆ ಅಂತ ಅರ್ಥ. ಯಾವಾಗ ನಿಂತಿತು, ಆ ಮನೆಯಲ್ಲಿ ದನ ಎಷ್ಟಿದ್ದವು, ಈಗ ಎಷ್ಟಿವೆ, ಗೊಬ್ಬರ ಎಲ್ಲಿಂದ ತರುತ್ತಾರೆ ಅಂತ ಕೇಳಿ ಬರೆದುಕೊಳ್ಳಿ. ತೋಟದ ಯಜಮಾನರನ್ನು ಕೇಳಿದ ಮೇಲೆ, ಹೊರೆ ಹೊತ್ತವರ ಮನೆಗೂ ಹೋಗಿ ಇದೇ ಪ್ರಶ್ನೆಗಳನ್ನು ಕೇಳಿ.