ಪೈಲಟ್ ಚೂರಿಯ ಬೆನ್ನಿಗೆ ಗರಗಸ ಬಂದದ್ದೇಕೆ, ಅದನ್ನು ತಿದ್ದುವಾಗ ಎಡವುವುದೆಲ್ಲಿ

ಅಮೆರಿಕದ ವಾಯುಪಡೆಯ ಸರ್ವೈವಲ್ ಚೂರಿಯನ್ನು ಕೊಂಡವರು ಸಾಮಾನ್ಯವಾಗಿ ಮೊದಲು ಅದರ ಬೆನ್ನಿನ ಗರಗಸದಿಂದ ಒಂದು ಕೊಂಬೆ ಕೊಯ್ದು ನೋಡುತ್ತಾರೆ. ನಾಲ್ಕೈದು ಎಳೆತಕ್ಕೇ ಅಲಗು ಮರದಲ್ಲಿ ಕಚ್ಚಿಕೊಂಡು ನಿಲ್ಲುತ್ತದೆ. ಹಲ್ಲು ದಂಡವೆಂದು ತೀರ್ಮಾನಿಸಿ ಅರ ಹಾಕಿ ಉಜ್ಜಿ ತೆಗೆದವರೂ ಇದ್ದಾರೆ. ಆದರೆ ಆ ಹಲ್ಲನ್ನು ಕೊಟ್ಟದ್ದು ಕಾಡಿನ ಕೆಲಸಕ್ಕಲ್ಲ. ನೆಲಕ್ಕಪ್ಪಳಿಸಿದ ವಿಮಾನದೊಳಗೆ ಸಿಕ್ಕಿಬಿದ್ದವನು ಅಲ್ಯೂಮಿನಿಯಂ ತಗಡನ್ನೋ ಪ್ಲೆಕ್ಸಿಗ್ಲಾಸ್ ಮುಚ್ಚಳವನ್ನೋ ಸೀಳಿಕೊಂಡು ಹೊರಬರಲಿ ಎಂದು. ಈ ಚೂರಿಯ ಒಂದೊಂದು ಭಾಗದ ಆಕಾರಕ್ಕೂ ಕಾರಣ ವಿಮಾನದಲ್ಲೇ ಇದೆ. ಅದನ್ನು ಬಿಟ್ಟು ತಿದ್ದಲು ಹೊರಟಲ್ಲೇ ಚೂರಿ ಕೆಡುತ್ತದೆ.

ಎರಡನೇ ಮಹಾಯುದ್ಧದವರೆಗೆ ಪೈಲಟ್‌ಗಳಿಗೆಂದೇ ಮಾಡಿದ ಸಣ್ಣ ಚೂರಿ ಇರಲಿಲ್ಲವೆಂದೇ ಹೇಳಬೇಕು. ಕಾಡಿನ ಮೇಲೆ ಹಾರುವವರ ತುರ್ತು ಚೀಲದಲ್ಲಿ ಕಾಲಿನ್ಸ್ ನಂ. 18 ಎಂಬ ಮಚ್ಚಿನಂಥ ದೊಡ್ಡ ಅಲಗು ಇರುತ್ತಿತ್ತು. ನೌಕಾಪಡೆಯವರಿಗೆ 7 ಇಂಚಿನ ಮಾರ್ಕ್ 2, ಅಂದರೆ ಈಗ ಎಲ್ಲರೂ ಕಾ-ಬಾರ್ ಎನ್ನುವ ಚೂರಿ, ಸಿಗುತ್ತಿತ್ತು. ಜೆಟ್ ವಿಮಾನಗಳು ಬಂದ ಮೇಲೆ ಲೆಕ್ಕ ಬದಲಾಯಿತು. ಕಾಕ್‌ಪಿಟ್ ಇಕ್ಕಟ್ಟು, ಆಸನವೇ ಪೈಲಟ್‌ನನ್ನು ಹೊರಕ್ಕೆ ಎಸೆಯುತ್ತದೆ, ಮೈಗೆ ಕಟ್ಟಿಕೊಂಡದ್ದಷ್ಟೇ ಅವನ ಜೊತೆ ನೆಲ ಮುಟ್ಟುತ್ತದೆ. ಅಮೆರಿಕದ ನೌಕಾಪಡೆ ಕೇಳಿದ ಚಿಕ್ಕ, ಗಟ್ಟಿ ಚೂರಿಗೆ ಮಿಷಿಗನ್ ರಾಜ್ಯದ ಗ್ಲ್ಯಾಡ್‌ಸ್ಟನ್‌ನಲ್ಲಿದ್ದ ಮಾರ್ಬಲ್ಸ್ ಕಂಪನಿ ರೂಪ ಕೊಟ್ಟಿತು. 1950ರ ದಶಕದ ಕೊನೆಯ ಹೊತ್ತಿಗೆ ನ್ಯೂಯಾರ್ಕ್ ರಾಜ್ಯದ ಕಮಿಲಸ್ ಕಂಪನಿ ಅದನ್ನು ದೊಡ್ಡ ಪ್ರಮಾಣದಲ್ಲಿ ಮಾಡತೊಡಗಿತು. ಮೊದಮೊದಲು ಅಲಗು 6 ಇಂಚು. 1960ರ ದಶಕದ ಆರಂಭದಲ್ಲಿ ಅದು 5 ಇಂಚಿಗೆ ಇಳಿಯಿತು, ಆಮೇಲೆ ಬದಲಾಗಲಿಲ್ಲ. ಹೀಗಾಗಿ ಸಂಗ್ರಹಕಾರರು 6 ಇಂಚಿನ ಹಳೆಯ ಚೂರಿಗೆ ಮುಗಿಬೀಳುತ್ತಾರೆ.

ವಿಯೆಟ್ನಾಂ ಯುದ್ಧದಲ್ಲಿ ಇದು ಪೈಲಟ್‌ಗಳ ಸರ್ವೈವಲ್ ವೆಸ್ಟ್‌ನ ಭಾಗವಾಯಿತು. ಪ್ಯಾರಾಚೂಟ್ ಹಗ್ಗ ಕತ್ತರಿಸಲು ಕಿತ್ತಳೆ ಬಣ್ಣದ ಹಿಡಿಯ, ಗುಂಡಿ ಒತ್ತಿದರೆ ತೆರೆಯುವ ಎಂಸಿ-1 ಎಂಬ ಇನ್ನೊಂದು ಚಾಕುವೇ ಇತ್ತು. ಎರಡರ ಕೆಲಸ ಬೇರೆ ಬೇರೆ. ಕಮಿಲಸ್ ಕಾರ್ಖಾನೆ 2007ರಲ್ಲಿ ಮುಚ್ಚಿತು. ಹೆಸರನ್ನು ಆಕ್ಮೆ ಯುನೈಟೆಡ್ ಕೊಂಡಿತು, ಹಾಗಾಗಿ ಇವತ್ತು ಕಮಿಲಸ್ ಎಂದು ಬರೆದಿರುವ ಹೊಸ ಚೂರಿಗೂ ಆ ಹಳೆಯ ಕಾರ್ಖಾನೆಗೂ ನಂಟಿಲ್ಲ. ಒಂಟಾರಿಯೊ ನೈಫ್ ಕಂಪನಿ ಇದೇ ಚೂರಿಯನ್ನು 499 ಎಂಬ ಹೆಸರಿನಲ್ಲಿ ಮಾಡುತ್ತ ಬಂತು. 2023ರಲ್ಲಿ ಆ ಕಂಪನಿಯೂ ಬ್ಲೂ ರಿಡ್ಜ್ ನೈವ್ಸ್ ಪಾಲಾಯಿತು.

ಹಳೆಯ ಕಮಿಲಸ್ ಕೈಗೆ ಬಂದರೆ ಹಿಡಿಯ ತುದಿಯ ಉಕ್ಕಿನ ಗುಬುಟನ್ನು ನೋಡಿ. 1967ರ ಆಸುಪಾಸಿನಿಂದ ಅಲ್ಲಿ ಕಂಪನಿಯ ಹೆಸರಿನ ಜೊತೆ ತಿಂಗಳು, ವರ್ಷ ಒತ್ತಿರುತ್ತಾರೆ. ಅದಕ್ಕೂ ಹಿಂದಿನವಕ್ಕೆ ಗುರುತು ಇರುವುದು ಅಲಗಿನ ಬುಡದಲ್ಲಿ. ಗುರುತು ಸ್ಪಷ್ಟವಾಗಿರುವ ಚೂರಿಗೆ ಅರ ಮುಟ್ಟಿಸಬಾರದು. ತಿದ್ದುವ ಆಸೆಯಿದ್ದರೆ ಹೊಸ 499 ಇದೆಯಲ್ಲ.

ಇನ್ನು ರಚನೆ. ಉಕ್ಕು 1095, ಅಂದರೆ ಶೇ. 0.95ರಷ್ಟು ಇಂಗಾಲ, ತುಕ್ಕು ತಡೆಯುವ ಕ್ರೋಮಿಯಂ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಹದವನ್ನು ಬೇಕೆಂದೇ ತುಸು ಮೆತ್ತಗಿಟ್ಟಿದ್ದಾರೆ. ತಗಡಿಗೆ ಚುಚ್ಚಿ ಮೀಟುವಾಗ ಅಲಗು ಬಾಗಬಹುದು, ಮುರಿಯಬಾರದು. ಇದರಿಂದ ಬಾಯಿ ಬೇಗ ಮೊಂಡಾಗುತ್ತದೆ, ಅಷ್ಟೇ ಬೇಗ ಸಾಣೆಗೂ ಬರುತ್ತದೆ. ಬೂದು ಬಣ್ಣದ ಜಿಂಕ್ ಫಾಸ್ಫೇಟ್ ಲೇಪ ಎಣ್ಣೆ ಹಿಡಿದಿಟ್ಟುಕೊಳ್ಳಲು ಇರುವುದು. ಎಣ್ಣೆಯಿಲ್ಲದೆ ಅದೊಂದೇ ತುಕ್ಕು ತಡೆಯದು. ಅಲಗಿನ ಉದ್ದಕ್ಕೆ ಓಡುವ ತೋಡನ್ನು ರಕ್ತ ಹರಿಯುವ ಕಾಲುವೆ ಎನ್ನುವವರಿದ್ದಾರೆ. ಅದು ಸುಳ್ಳು, ತೂಕ ಇಳಿಸಲು ತೆಗೆದ ತೋಡು ಅದು. ಅಡ್ಡಪಟ್ಟಿಯ ತೂತುಗಳು ಚೂರಿಯನ್ನು ಕೋಲಿಗೆ ಬಿಗಿದು ಈಟಿ ಮಾಡಿಕೊಳ್ಳಲು. ಕಾಡಿನಲ್ಲಿ ಇರುವ ಒಂದೇ ಚೂರಿಯನ್ನು ಕೋಲಿಗೆ ಕಟ್ಟಿ ಎಸೆಯುವುದು ಬುದ್ಧಿವಂತಿಕೆಯಲ್ಲ. ಕೋಲಿನ ತುದಿಯನ್ನೇ ಚೂಪು ಮಾಡಿಕೊಂಡರೆ ಸಾಕು.

ಗರಗಸಕ್ಕೆ ಮರ ಒಗ್ಗದಿರುವುದು ಏಕೆ? ಬಡಗಿಯ ಗರಗಸದ ಹಲ್ಲುಗಳನ್ನು ಒಂದು ಎಡಕ್ಕೆ, ಒಂದು ಬಲಕ್ಕೆ ಬಾಗಿಸಿರುತ್ತಾರೆ. ಅದರಿಂದ ಕೊಯ್ದ ಸಂದು ಅಲಗಿನ ದಪ್ಪಕ್ಕಿಂತ ಅಗಲವಾಗಿ, ಪುಡಿ ಹೊರಬಿದ್ದು, ಅಲಗು ಸಲೀಸಾಗಿ ಓಡುತ್ತದೆ. ಈ ಚೂರಿಯ ಹಲ್ಲು ದಪ್ಪ ಬೆನ್ನಿನಲ್ಲೇ ನೇರವಾಗಿ ಕಡಿದ ಕಚ್ಚುಗಳು. ಮರದಲ್ಲಿ ಸಂದು ಅಗಲವಾಗುವುದಿಲ್ಲ, ಪುಡಿ ಕಚ್ಚುಗಳಲ್ಲೇ ತುಂಬಿ ಗಟ್ಟಿಯಾಗುತ್ತದೆ. ತೆಳು ತಗಡಿನಲ್ಲಿ ಈ ತೊಂದರೆಯಿಲ್ಲ. ಮೊನೆ ಚುಚ್ಚಿ ತೂತು ಮಾಡಿ ಬೆನ್ನಿನ ಕಡೆಗೆ ಎಳೆದರೆ ಹಲ್ಲು ತಗಡನ್ನು ಕಚ್ಚಿ ಹರಿಯುತ್ತ ಹೋಗುತ್ತದೆ.

ಸೌದೆ ಸೀಳಲೆಂದು ಬೆನ್ನಿಗೆ ಕೊಡತಿ ಪೆಟ್ಟು ಹಾಕುವವರು ಇಲ್ಲೇ ಕೆಡಿಸಿಕೊಳ್ಳುತ್ತಾರೆ. ಹಲ್ಲು ಕೊಡತಿಯನ್ನು ಚಿಂದಿ ಮಾಡುತ್ತದೆ. ಅದಕ್ಕಿಂತ ಅಪಾಯದ್ದು ಹಿಡಿಯೊಳಗೆ ಕಾಣದಂತೆ ಇರುವ ಉಕ್ಕಿನ ಬಾಲ. ಅದು ಅಲಗಿಗಿಂತ ತುಂಬ ಕಿರಿದು. ಅಗಲವಾದ ಅಲಗು ಥಟ್ಟನೆ ಕಿರಿದಾಗುವ ಮೂಲೆಯಲ್ಲಿ, ಅಡ್ಡಪಟ್ಟಿಯ ಹತ್ತಿರ, ಒತ್ತಡವೆಲ್ಲ ಸೇರುತ್ತದೆ. ಮುರಿದರೆ ಅಲ್ಲೇ ಮುರಿಯುತ್ತದೆ.

ಇನ್ನು ಸಾಣೆ. ಕಾರ್ಖಾನೆಯಿಂದ ಬಂದ ಬಾಯಿ ಸಾಮಾನ್ಯವಾಗಿ ಒರಟು, ದಪ್ಪ. ಒಂದೊಂದು ಬದಿಗೆ 20 ಡಿಗ್ರಿ ಸಾಕು. ಅಳತೆಗೆ ಸುಲಭದ ಉಪಾಯವಿದೆ: ಅಲಗಿನ ಅಗಲದ ಮೂರನೇ ಒಂದು ಪಾಲಿನಷ್ಟು ಬೆನ್ನನ್ನು ಕಲ್ಲಿನಿಂದ ಮೇಲೆತ್ತಿ ಹಿಡಿಯಿರಿ. ಬಾಯಿಯ ಅಂಚಿಗೆ ಮಾರ್ಕರ್ ಪೆನ್ನಿನ ಮಸಿ ಬಳಿದು ಎರಡು ಸಲ ಉಜ್ಜಿ ನೋಡಿ. ಮಸಿ ತುದಿಯವರೆಗೂ ಅಳಿದಿದ್ದರೆ ಕೋನ ಸರಿ. ಮೇಲಷ್ಟೇ ಅಳಿದಿದ್ದರೆ ಬೆನ್ನು ಇನ್ನಷ್ಟು ಏಳಬೇಕು. 400 ಗ್ರಿಟ್ ಕಲ್ಲಿನಲ್ಲಿ ಒಂದು ಬದಿಯನ್ನು, ಎದುರು ಬದಿಗೆ ಉದ್ದಕ್ಕೂ ಚೂರು ಅಂಚು ಮಡಿಚಿಕೊಂಡದ್ದು ಬೆರಳಿಗೆ ತಾಗುವ ತನಕ ಉಜ್ಜಿ. ಆಮೇಲೆ ಇನ್ನೊಂದು ಬದಿ. 1000 ಗ್ರಿಟ್‌ನಲ್ಲಿ ಹಗುರವಾಗಿ ಮುಗಿಸಿ, ಚರ್ಮದ ಮೇಲೆ ಹಿಮ್ಮುಖವಾಗಿ ಎಳೆಯಿರಿ. ಒರೆಯ ಜೇಬಿನ ಪುಟ್ಟ ಕಲ್ಲು ತುರ್ತಿಗಷ್ಟೇ.

ತಿದ್ದುಪಡಿಗಳಲ್ಲಿ ನಿಜಕ್ಕೂ ಉಪಯೋಗಕ್ಕೆ ಬರುವುದು ಮೇಲಿನ ಅಡ್ಡಪಟ್ಟಿಯನ್ನು ಉಜ್ಜಿ ಇಳಿಸುವುದು. ಹೆಬ್ಬೆರಳು ಬೆನ್ನಿನ ಮೇಲೆ ಕೂರುತ್ತದೆ, ಕೆತ್ತನೆಗೆ ಹಿಡಿತ ಬರುತ್ತದೆ. ಹಲ್ಲು ತೆಗೆಯುವುದಾದರೆ ಅರದಿಂದಲೇ ತೆಗೆಯಿರಿ. ಸಾಣೆಯಂತ್ರದ ಬಿಸಿಗೆ ಉಕ್ಕು ನೀಲಿ ತಿರುಗಿತೆಂದರೆ ಅಲ್ಲಿ 300 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಿಸಿಯಾಗಿ ಹದ ಇಳಿದಿದೆ, ಮತ್ತೆ ಕಾಯಿಸಿ ನೀರು ಕುಡಿಸದ ಹೊರತು ಅದು ಮರಳುವುದಿಲ್ಲ. ಯಂತ್ರವೇ ಬೇಕಿದ್ದರೆ ಬರಿಗೈಯಲ್ಲಿ ಹಿಡಿದು, ಕೈಗೆ ಬಿಸಿ ತಾಗಿದ ಕೂಡಲೇ ನೀರಿಗದ್ದಬೇಕು.

ಹಿಡಿಯ ಚರ್ಮದ ಬಿಲ್ಲೆಗಳು ಒಣಗಿ ಕುಗ್ಗಿ ಅಲ್ಲಾಡತೊಡಗಿದರೆ ಎಣ್ಣೆಯಲ್ಲಿ ನೆನೆಹಾಕುವುದು ಎಲ್ಲರೂ ಮಾಡುವ ತಪ್ಪು. ಎಣ್ಣೆ ಕುಡಿದ ಚರ್ಮ ಮೆತ್ತಗಾಗಿ ಹಿಡಿ ಇನ್ನಷ್ಟು ಸಡಿಲವಾಗುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ನೆರಳಲ್ಲಿ ಒಣಗಿಸಿ, ಜೇನುಮೇಣವನ್ನು ತೆಳ್ಳಗೆ ತಿಕ್ಕಿದರೆ ಸಾಕು. ಪೂರ್ತಿ ಹೊಸದು ಹಾಕುವುದಾದರೆ ಗುಬುಟಿನ ತುದಿಯಲ್ಲಿ ಬಡಿದು ಚಪ್ಪಟೆ ಮಾಡಿದ ಬಾಲವನ್ನು ಉಜ್ಜಿ ಬಿಡಿಸಬೇಕು. 4 ಮಿ.ಮೀ. ದಪ್ಪದ ತೊಗಲಿನ ಬಿಲ್ಲೆಗಳಿಗೆ ಬಾಲಕ್ಕೆ ಬಿಗಿಯಾಗಿ ಕೂರುವಷ್ಟೇ ಸೀಳು ಮಾಡಿ, ಬೇಕಾದ್ದಕ್ಕಿಂತ ಒಂದೆರಡು ಹೆಚ್ಚು ಪೋಣಿಸಿ, ಕ್ಲ್ಯಾಂಪ್‌ನಲ್ಲಿ ಅದುಮಿ, ಗುಬುಟು ಕೂರಿಸಿ ಮತ್ತೆ ಬಡಿಯಬೇಕು. ಅದುಮದೆ ಬಡಿದರೆ ಒಂದು ಬೇಸಿಗೆಗೇ ಸಡಿಲ.

ಮಲೆನಾಡು, ಕರಾವಳಿಯವರು ಚೂರಿಯನ್ನು ಒರೆಯಲ್ಲೇ ಬಿಟ್ಟು ಮಳೆಗಾಲ ಕಳೆಯಬಾರದು. ಚರ್ಮ ತೇವ ಹೀರಿಕೊಂಡು ಅಲಗಿಗೆ ಅಂಟಿಸುತ್ತದೆ, ಹದ ಮಾಡಿದ ಚರ್ಮದ ಆಮ್ಲವೂ ಸೇರಿ ಕಪ್ಪು ಕುಳಿ ಬೀಳುತ್ತದೆ. ಹೊಲಿಗೆ ಯಂತ್ರದ ಎಣ್ಣೆ ಸವರಿ, ಒರೆ ಬೇರೆ, ಚೂರಿ ಬೇರೆ ಇಡಿ.

ಕಾನೂನಿನ ಮಾತು ಒಂದಿದೆ. ಭಾರತದ ಶಸ್ತ್ರಾಸ್ತ್ರ ನಿಯಮಗಳ ಪಟ್ಟಿ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗುಗಳನ್ನು ಹೇಳುತ್ತದೆ. 5 ಇಂಚಿನ ಈ ಚೂರಿ ಆ ಅಳತೆಯೊಳಗಿದೆ. ಆದರೆ ಅದೇ ಪಟ್ಟಿಯಲ್ಲಿ ಕಠಾರಿಯ ಹೆಸರೂ ಇದೆ. ಮೊನೆಯ ಮೇಲ್ಬದಿಗೂ ಸಾಣೆ ಹಿಡಿದು ಇಬ್ಬಾಯಿ ಮಾಡಿಕೊಂಡರೆ ಅದನ್ನು ಕಠಾರಿ ಎನ್ನಲು ಪೊಲೀಸರಿಗೆ ನೀವೇ ಕಾರಣ ಕೊಟ್ಟಂತೆ. ನಿಷೇಧಾಜ್ಞೆ ಇರುವಲ್ಲಿ ಅಳತೆ ಎಷ್ಟೇ ಇರಲಿ, ಹೊರಗೆ ಒಯ್ಯುವಂತಿಲ್ಲ. ಕ್ಯಾಲಿಫೋರ್ನಿಯಾದಲ್ಲಿರುವ ಕನ್ನಡಿಗರು ಇಂಥ ಮಡಚದ ಚೂರಿಯನ್ನು ಒರೆಯಲ್ಲಿ, ಸೊಂಟಕ್ಕೆ ಎದ್ದು ಕಾಣುವಂತೆ ಕಟ್ಟಿಕೊಳ್ಳಬೇಕು. ಅಂಗಿಯಡಿ ಬಚ್ಚಿಟ್ಟು ಒಯ್ದರೆ ಅಪರಾಧ.